ಒದ್ದೆ ಕೈ

ಮೂರು ಪುಸ್ತಕಕ್ಕೂ ಮೂಲ ಕಡತ ಒಂದೇ:
ಜೀವರಕ್ಷಕ ದೋಣಿಯ ಕೊಕ್ಕೆ, ಅದನ್ನು ಬಿಡಿಸುವ ಬಗೆ.
ಹಡಗುಕಟ್ಟೆಯ ಎಂಜಿನಿಯರಿಗೊಂದು, ತಪಾಸಣೆಯವರಿಗೊಂದು,
ದೋಣಿಯಲ್ಲಿ ಕೂತವರಿಗೊಂದು, ತೆಳ್ಳಗಿನದು,
ನೀರು ಬಿದ್ದರೂ ಹರಿಯದ ಕಾಗದದ್ದು.

ಪದಸೂಚಿ ನನ್ನ ಪಾಲು.
ಒಂದೊಂದು ನಮೂದಿಗೂ ಚೀಟಿ ಅಂಟಿಸಿದ್ದೇನೆ: ಯಾರಿಗೆ.
ನಿಯಮದ ಕಡತದಲ್ಲಿ ನಾಲ್ಕು ಸಾಲು ಬರೆದರೆ ಸಾಕು,
ಜರಡಿ ತಾನೇ ಆಡುತ್ತದೆ.
ಮೂರನೇ ಹಂತದ ಉಪನಮೂದುಗಳೆಲ್ಲ ಹೊರಗೆ,
ಒಂದೇ ಪುಟ ತೋರಿಸುವ ಒಂಟಿ ಪದಗಳು ಹೊರಗೆ.
ಸಾವಿರದ ನಾನೂರು ಇದ್ದದ್ದು ತೊಂಬತ್ತಾರಾಗಿ ಉಳಿಯಿತು.
ಚೊಕ್ಕಟ. ಟೂರ್‌ಬ್ಯೋರ್ಗ್ ಹೆಬ್ಬೆರಳೆತ್ತಿದಳು.

ಕರಡನ್ನು ಐವಿಂದನಿಗೆ ಕೊಟ್ಟೆವು.
ಇಪ್ಪತ್ತೆರಡು ವರ್ಷ ಕಾಡ್ ಮೀನಿನ ಬೆನ್ನು ಹತ್ತಿದವನು,
ಈಗ ಹುಡುಗರಿಗೆ ಚಳಿನೀರಿನ ಉಡುಪು ತೊಡುವುದು ಕಲಿಸುತ್ತಾನೆ.
ಅವನು ಪುಸ್ತಕವನ್ನು ಓದಲಿಲ್ಲ.
ಉಣ್ಣೆಯ ಕೈಗವಸನ್ನು ತೊಟ್ಟಿಯಲ್ಲಿ ಅದ್ದಿ ಹಾಕಿಕೊಂಡು,
ದೀಪ ಆರಿಸಿ, ಹಣೆಯ ಟಾರ್ಚ್ ಹಚ್ಚಿ,
ಹಿಂದಿನಿಂದ ತೆರೆದ.
"ಕೊಕ್ಕೆ ಕಚ್ಚಿಕೊಂಡಿದೆ. ಎಲ್ಲಿ, ಹೇಳು."

'ಬಿಡುಗಡೆ ಯಂತ್ರ, ವೈಫಲ್ಯ' ನೋಡು, ಅಂದೆ.
ನಕ್ಕ. ಹಲ್ಲು ಕಟಕಟ ಅನ್ನುವಾಗ
ಯಾರ ಬಾಯಲ್ಲೂ ವೈಫಲ್ಯ ಬರೋದಿಲ್ಲ, ಮಗಳೇ.
ಬರ್ತಾ ಇಲ್ಲ ಅಂತಾರೆ, ಸಿಕ್ಕೊಂಡಿದೆ ಅಂತಾರೆ,
ಕೆಲವರು ಅಮ್ಮನನ್ನು ಕರೀತಾರೆ.

'ಸಿಕ್ಕೊಂಡಿದೆ' ಇತ್ತು. ನಾನೇ ಬರೆದಿದ್ದೆ, ಮಾರ್ಚಿನಲ್ಲಿ.
ಒಂಟಿ ಪುಟದ ಪದ.
ಜರಡಿಯಿಂದ ಕೆಳಗೆ ಬಿದ್ದಿತ್ತು.

ಆಮೇಲೆ 'ತೆರೆ' ಹುಡುಕಿದ. ನಮ್ಮ ಮಾತಲ್ಲಿ ಅದು 'ಓಪ್ನೆ',
ತಲೆಯ ಮೇಲೆ ಪುಟ್ಟ ಬಳೆ ಹೊತ್ತ ಅಕ್ಷರ,
ಅಕ್ಷರಮಾಲೆಯಲ್ಲಿ ಎಲ್ಲಕ್ಕೂ ಕೊನೆಯದು;
ನಮ್ಮೂರು ಓಲೆಸುಂಡ್ ಶುರುವಾಗುವುದೂ ಅದರಿಂದಲೇ.
ಬೆರಳು ಕೊನೆಯ ಪುಟದ ಕೊನೆಗೆ ಹೋಯಿತು, ತಾನಾಗಿ,
ಕತ್ತಲಲ್ಲಿ ಪಾದ ಮನೆಯ ಮೆಟ್ಟಿಲು ಹುಡುಕಿದ ಹಾಗೆ.
ಅಲ್ಲಿ ಖಾಲಿ.
ತಂತ್ರಾಂಶ ಬಳೆಯನ್ನು ಲೆಕ್ಕಕ್ಕೇ ಹಿಡಿಯದೆ
ಮೊದಲ ಪುಟದಲ್ಲಿ, ಲಂಗರಿನ ಪಕ್ಕ ಕೂರಿಸಿತ್ತು.

ರಾತ್ರಿ ಒಬ್ಬಳೇ ಕೂತು ನಿಯಮ ತಿದ್ದಿದೆ.
ಭಾಷೆ: ನಾರ್ವೇಜಿಯನ್. ಒಂಟಿ ಪದ: ಇರಲಿ.
ಹೊಸದೊಂದು ಚೀಟಿ, ಹೆಸರು 'ಒದ್ದೆ ಕೈ';
ಅದು ಅಂಟಿದ ನಮೂದನ್ನು ಯಾವ ಜರಡಿಯೂ ಬೀಳಿಸಕೂಡದು.
ಬೆಳಿಗ್ಗೆ ಟೂರ್‌ಬ್ಯೋರ್ಗ್ ಕೇಳಿದಳು:
ಇದೆಂಥ ಹೆಸರು, ಮಾನದಂಡದಲ್ಲಿ ಇಲ್ಲವಲ್ಲ?
ಇಲ್ಲ, ಅಂದೆ.

ನೂರಾ ಮೂವತ್ತೊಂದು ನಮೂದು ಈಗ. ಒಂದು ಹಾಳೆ ಹೆಚ್ಚಾಯಿತೆಂದು
ಮುದ್ರಣದವರು ಗೊಣಗಿದರು.
'ಅಮ್ಮ' ಎಂಬಲ್ಲಿ ಯಾವ ಪುಟ ಬರೆಯಲಿ,
ಅದು ಮಾತ್ರ ಇನ್ನೂ ತೋಚಿಲ್ಲ.