ಕೆಂಪು ಗೆರೆಯ ಈಚೆ

ಚಿಂತಾಮಣಿಯ ನಜೀರ್ ಅಂಗಡಿಯಲ್ಲಿ ಎರಡು ಡೆಕ್ಕು.
ಒಂದಕ್ಕೆ ಜೋಡಿ ಬಾಗಿಲು, ಮಿಣುಕುವ ದೀಪದ ಸಾಲು.
ಇನ್ನೊಂದು ಹಳೇದು, ಒಂದೇ ಬಾಗಿಲು, ಎರಡು ಮುಳ್ಳು.
ದೀಪ ನೋಡಲಿಲ್ಲ ನಾನು,
ತಿರುಗುವ ಚಕ್ರಕ್ಕೆ ಬೆರಳು ತಾಗಿಸಿದೆ. ಅದುರಲಿಲ್ಲ.
ಶಿಡ್ಲಘಟ್ಟದ ಬಿಚ್ಚಾಣಿಕೆಯವನಿಗೆ ಅಷ್ಟು ಸಾಕು.
'ಮುಳ್ಳಿಂದೇ ಕೊಡಿ' ಅಂದೆ.

ದೊಡ್ಡಮ್ಮ ಪಿಳ್ಳಮ್ಮ, ಸೋಬಾನೆಗೆ ಊರಿಗೊಬ್ಬಳು,
ಮೈಕು ಕಂಡು ಸೆರಗು ಸರಿಮಾಡಿಕೊಂಡಳು.
ಪಕ್ಕದಲ್ಲೇ ಬಿಸಿನೀರ ಬಾಣಲೆ, ಬೆಂದ ಗೂಡಿನ ವಾಸನೆ,
ನಮ್ಮ ರಾಟೆ ನಿಲ್ಲಿಸಿದರೂ
ಗೋಡೆಯಾಚೆ ಯಾರದೋ ಮೋಟಾರು ಗುಂಯ್.
ಕನ್ನಡದಲ್ಲಿ ಹೊರಟ ಹಾಡು
ಮೂರನೇ ನುಡಿಗೆ ತೆಲುಗಾಯಿತು,
ಮುಳ್ಳಿಗೆ ಗೊತ್ತೇ ಆಗಲಿಲ್ಲ.
ನಡುವೆ ಅವಳು ನಕ್ಕಾಗ ಮಾತ್ರ
ಕೆಂಪಿಗೆ ಹಾರಿ ಒದ್ದಾಡಿತು.
ನಗಬೇಡ ಅನ್ನಲು ನಾಲಿಗೆ ಬಾರದೆ
ತಿರುಗುಣಿ ತಗ್ಗಿಸಿದೆ.
ಡಾಲ್ಬಿ ಒತ್ತಿದರೆ ಸುಯ್ ಹೋಗುತ್ತದೆ, ನಿಜ,
ಉಳಿದ ನಾಕು ಹಲ್ಲಿನಲ್ಲಿ ಅವಳನ್ನುವ 'ಸ' ಕೂಡ.
ಎರಡೂ ಇರಲಿ ಅಂತ ಬಿಟ್ಟೆ.

ಮರುವರ್ಷ ಟೇಪು ಸಿಕ್ಕಿಕೊಂಡು ಹರಿಯಿತು.
ದಿನಕ್ಕೆ ನೂರು ಸಲ ಎಳೆ ಕೂಡಿಸುವ ಕೈ ನನ್ನದು,
ಇದಕ್ಕೆ ಗಂಟು ಒಗ್ಗದು:
ಬ್ಲೇಡಿನಲ್ಲಿ ಓರೆ ಕೊಯ್ದು, ತುದಿಗೆ ತುದಿ ಹೊಂದಿಸಿ,
ಬೆನ್ನಿಗೆ ಅಂಟು.
ಸುಕ್ಕಾದ ಬೆರಳುದ್ದ ತೆಗೆದು ಎಸೆಯಬೇಕಾಯಿತು.
ಈಗ ಹಸೆಗೆ ಕರೆಯುವ ಕಡೆ
ಮದುಮಗಳ ಹೆಸರು ನುಂಗಿ ಹಾಡು ಮುಂದೆ ದಾಟುತ್ತದೆ.
ಯಾರ ಮನೆ ಮದುವೆಗೂ ಆಗುತ್ತೆ ಅಂತ
ಬೀದಿಯವರು ಎರವಲು ಒಯ್ಯುತ್ತಾರೆ.

ವಾಪಸು ಬಂದಾಗ ಕೊನೆತನಕ ಓಡಿಸಿ ನೋಡುತ್ತೇನೆ,
ಹಾಡು ಮುಗಿದ ಮೇಲೂ ಅದು ಇದೆಯಾ ಎಂದು:
'ಆಯ್ತೇನೋ? ನೀರಾರ್ತದೆ,
ರಾಟೆ ಹಾಕು.'