ಗೆಸಿನಾಳ ಉಸಿರುಪೆಟ್ಟಿಗೆ

ಬೆಳಗಿನ ಐದು. ಬೆಳಗು ಅನ್ನುವುದು ಬರೀ ಬಾಯಿಮಾತು;
ವಾರ್ಡೊದಲ್ಲಿ ಸೂರ್ಯ ರಜೆ ಹಾಕಿ ಇವತ್ತಿಗೆ ಹತ್ತೊಂಬತ್ತು ದಿನ.
ಕಿಟಕಿಯಾಚೆ ಸಮುದ್ರ
ಕತ್ತಲಲ್ಲಿ ಏನನ್ನೋ ಎಳೆದಾಡುತ್ತಿದೆ.
ಮಡಿಸಿದ ಎರಡು ಕಂಬಳಿ, ಮೇಲೊಂದು ಗುಂಡು ದಿಂಬು,
ಬಾಣಲೆಗೆ ಆನಿಸಿ ನಿಲ್ಲಿಸಿದ ಫೋನು.
ಫೋನಿನೊಳಗೆ ಹನ್ನೊಂದು ಕಿಟಕಿ,
ಹತ್ತರಲ್ಲಿ ಬೆನ್ನು.
ಹನ್ನೊಂದನೆಯದನ್ನು ಆಮೇಲೆ ಹೇಳುತ್ತೇನೆ.

ನಾವು ಗೋಡೆಗೆ ಮುಖ ಮಾಡಿ ಕೂರುವ ಜನ.
ಎರಡು ವರ್ಷವಾಯಿತು, ಇನೆಸಳ ಮೂಗು ಹೇಗಿದೆಯೆಂದರೆ
ತಡವರಿಸುತ್ತೇನೆ.
ಅವಳ ಎಡಭುಜ ಬಲಕ್ಕಿಂತ ಒಂದು ಬೆರಳು ಕೆಳಗೆ;
ಕಾಲ್ಮನ್‌ನ ಸ್ವೆಟರಿನ ಬೆನ್ನಿಗೆ ಬೇರೆ ಬಣ್ಣದ ನೂಲಿನ ಹೊಲಿಗೆ,
ಅದೂ ಬಿಚ್ಚುತ್ತ ಬಂದಿದೆ.
ಇಂಥವು ಕೇಳಿ, ಹೇಳುತ್ತೇನೆ.

ಟ್ರೊಮ್ಸೊದಿಂದ ಯೊರುನ್ ಗಂಟೆ ಬಾರಿಸುತ್ತಾಳೆ.
ಮೂವತ್ತು ವರ್ಷ ದೋಣಿಯ ಟಿಕೆಟ್ ಹರಿದ ಕೈ;
ಸದ್ದನ್ನೂ ಹಾಗೇ ಹರಿದು ಕೊಡುತ್ತಾಳೆ, ಒಬ್ಬೊಬ್ಬರಿಗೆ.
ನನಗೆ ಅದು ತಲುಪುವಾಗ ಒಂದು ಚೂರು ತಡ.
ಕಾಲ್ಮನ್‌ಗೆ ಇನ್ನಷ್ಟು: ಹಂಗೇರಿಯ ಅವನ ಹಳ್ಳಿಯಲ್ಲಿ
ಗಾಳಿ ಬೀಸಿದರೆ ತಂತಿ ಮುನಿಯುತ್ತದೆ.
ದ್ವೀಪದ ಇನೆಸ್‌ಗೆ ಎಲ್ಲರಿಗಿಂತ ಕೊನೆಗೆ,
ಮೂರಕ್ಕೇ ಕೂಗುವ ಅವಳ ಕೋಳಿ ಬಿಟ್ಟುಕೊಟ್ಟರೆ.
ಒಂದೇ ಗಂಟೆ, ಹನ್ನೊಂದು 'ಈಗ'.
ಇದರಲ್ಲಿ ನಿಜವಾದ 'ಈಗ' ಯಾವುದೆಂದು ಕೇಳಿದ್ದೆ ಒಮ್ಮೆ.
"ನಿನ್ನ ಮಂಡಿ ನೋಯುವುದು ಯಾವಾಗಲೋ ಅದು" ಅಂದಳು.

ನನ್ನ ಗೋಡೆಯಲ್ಲಿ ಮೊಳೆ ಕಿತ್ತ ಒಂದು ತೂತು.
ಏನು ತೂಗುಹಾಕಿದ್ದರೋ ಹಿಂದಿನ ಬಾಡಿಗೆಯವರು.
ಒಂದು. ಎರಡು. ಮೂರು.
ನಾಲ್ಕಕ್ಕೆ ಮೀನಿನ ಕಾರ್ಖಾನೆಯ ಹೊಸ ಮೇಸ್ತ್ರಿಯೊಡನೆ ಜಗಳ,
ಮನಸ್ಸಿನಲ್ಲೇ; ಗೆದ್ದೂ ಆಯಿತು.
ಮತ್ತೆ ಒಂದು.
ನಿನ್ನೆಯ ಮೀನಿನ ಚಳಿ ಇನ್ನೂ ಬೆರಳ ಸಂದಿಯಲ್ಲಿ.
ಮತ್ತೆ ಒಂದು.
ಒಂದರ ಪರಿಚಯ ನನಗೆ ಚೆನ್ನಾಗಿದೆ,
ಹತ್ತನ್ನು ದೂರದಿಂದ ಬಲ್ಲೆ.

ಗೆಸಿನಾ ಬಂದದ್ದು ಹೋದ ಮಾರ್ಚಿನಲ್ಲಿ, ಹಾರ್ಲಿಂಗನ್ನಿನಿಂದ.
ಶ್ವಾಸಕೋಶ ಸೋತಿದೆ, ಕೂರಲಾರೆ,
ಮಲಗಿಯೇ ಇರುತ್ತೇನೆ, ಆದೀತೇ ಅಂದಳು.
ಅವಳ ಕಿಟಕಿಯಲ್ಲಿ ಬೆನ್ನಿಲ್ಲ. ಮಂಚದ ಅಂಚು,
ಉಣ್ಣೆಯ ಒಂದು ಕಾಲುಚೀಲ,
ಮತ್ತು ಅವಳಿಗೆ ಗಾಳಿ ಸೋಸಿ ಕೊಡುವ ಪೆಟ್ಟಿಗೆ.
ಮೊದಲ ದಿನ ಸದ್ದು ಮುಚ್ಚುವ ಗುಂಡಿ ಅವಳಿಗೆ ಸಿಗಲಿಲ್ಲ.
ಘುರ್... ಠಪ್.
ಘುರ್... ಠಪ್.
ಹತ್ತು ಕೋಣೆಗಳಲ್ಲಿ, ಮುದಿ ಬೆಕ್ಕಿನ ಗೊರಕೆಯಂತೆ.
ಯಾರೋ ಗೊಣಗಿದರು. ನಾನೇ.
ಯೊರುನ್ ತುಟಿಪಿಟಕ್ಕೆನ್ನಲಿಲ್ಲ.
ಮರುದಿನವೂ ಗುಂಡಿ ಸಿಗಲಿಲ್ಲ.
ಆಮೇಲೆ ಯಾರೂ ಹುಡುಕಲಿಲ್ಲ.

ವಾರದೊಳಗೆ ಎಣಿಕೆ ಬಿಟ್ಟೆ.
ಘುರ್ ಅಂದಾಗ ಒಳಗೆ, ಠಪ್ ಅಂದಾಗ ಹೊರಗೆ.
ಸೂರ್ಯ ಮುಳುಗಲೊಲ್ಲದ ಬೇಸಿಗೆ ಕಳೆಯಿತು ಹೀಗೇ.
ಎಲ್ಲರೂ ಹಾಗೇ ಮಾಡುತ್ತಿದ್ದರಂತೆ,
ಒಬ್ಬರಿಗೊಬ್ಬರು ಹೇಳದೆ,
ಕದ್ದು ಬೆಲ್ಲ ತಿಂದವರ ಹಾಗೆ.

ನಿನ್ನೆ ಕುಳಿತೆವು. ಗಂಟೆ ಮೊಳಗಿತು.
ಘುರ್ ಇಲ್ಲ.
ಠಪ್ ಇಲ್ಲ.
ನನ್ನ ಉಸಿರು ಹೊಸ್ತಿಲಲ್ಲೇ ನಿಂತಿತು,
ಒಳಗೋ ಹೊರಗೋ ತಿಳಿಯದೆ.
ಮತ್ತೆ ಗಂಟೆ ಮೊಳಗುವ ತನಕ ತಿರುಗುವಂತಿಲ್ಲ, ಅದು ನೇಮ.
ನಲವತ್ತು ನಿಮಿಷ ಮೊಳೆಯ ತೂತು ನೋಡಿದೆ,
ಅದು ನನ್ನನ್ನು.

ಕೊನೆಗೂ ಗಂಟೆ. ತಿರುಗಿದರೆ
ಎಲ್ಲ ಕಿಟಕಿಗಳಲ್ಲೂ ಮುಖ,
ಬಾಗಿ ನಮಿಸುವುದನ್ನೇ ಮರೆತ ಮುಖ.
(ಇನೆಸಳ ಮೂಗು ಮೊಂಡು.)
ಉಣ್ಣೆಯ ಕಾಲುಚೀಲ ಅಲ್ಲಾಡಿತು.
"ಹೊಸ ಪೆಟ್ಟಿಗೆ ಬಂತು," ಗೆಸಿನಾ ಅಂದಳು,
"ಆಸ್ಪತ್ರೆಯವರು ಕಳಿಸಿದ್ದು. ಸದ್ದೇ ಇಲ್ಲ ನೋಡಿ.
ಇಷ್ಟು ದಿನ ನಿಮಗೆಲ್ಲ ಕಿರಿಕಿರಿ ಮಾಡಿದೆ. ಕ್ಷಮಿಸಿ."

ಯಾರೂ ಏನೂ ಅನ್ನಲಿಲ್ಲ.
ಕಾಲ್ಮನ್ ಕನ್ನಡಕ ತೆಗೆದು ಒರೆಸಿದ, ಮತ್ತೆ ಒರೆಸಿದ.
"ಹಳೆಯದನ್ನು ಎಸೆದೆಯಾ?" ಯೊರುನ್ ಕೇಳಿದಳು,
ಟಿಕೆಟ್ ಕೇಳುವ ದನಿಯಲ್ಲಿ.

ಇವತ್ತು ಮಂಗಳವಾರ.
ಗಂಟೆ ಬಂತು, ಎಂದಿನಷ್ಟೇ ತಡವಾಗಿ.
ಒಂದು.
ಎರಡು.
ಮೇಸ್ತ್ರಿ.
ಒಂದು.