ಎಣ್ಣೆ ಉಳಿದ ರಾತ್ರಿಗಳು

ಕಡಲೇ ಇಲ್ಲದ ಜಿಲ್ಲೆಯಲ್ಲಿ ದೀಪಸ್ತಂಭವೇ ಎಂದು
ಸುಂಟಿಕೊಪ್ಪದ ಹೋಟೆಲಿನಲ್ಲಿ ನಕ್ಕರು.
ನೂಲುಪುಟ್ಟು ಬಡಿಸುತ್ತಿದ್ದವನೊಬ್ಬ ಮಾತ್ರ ನಗದೆ
'ಅಚ್ಚವ್ವನ್ನ ಕೇಳಿ, ಬೀಗದ ಕೈ ಅವರ ಹತ್ತಿರ' ಅಂದ.

ಹಿನ್ನೀರು ನಾಲಗೆ ಚಾಚಿದ ಕಡೆ
ಸೀರೆ ಎತ್ತಿ ಮೊಣಕಾಲುದ್ದ ಇಳಿದವಳ ಹಾಗೆ
ನಿಂತಿತ್ತು ಗೋಪುರ, ಮೂರಾಳೆತ್ತರ.
ಇಲಾಖೆಯ ಹಳದಿ, ಅದು ಚಕ್ಕೆ ಎದ್ದಲ್ಲಿ
ಇನ್ನೊಬ್ಬ ಗುತ್ತಿಗೆದಾರನ ಹಳದಿ,
ಅದರಡಿ ಗಾರೆ.
ರಾತ್ರಿಗೆ ಮುನ್ನೂರು. ರಶೀದಿ ಉಂಟು.
ರಶೀದಿಯ ಬೆನ್ನಲ್ಲಿ ನಿಯಮ:
ಈಜಬಾರದು. ಮೇಲಿನ ದೀಪ ಮುಟ್ಟಬಾರದು.

ಕಾಪು, ಸುರತ್ಕಲ್ಲು, ತದಡಿ,
ಮೆಟ್ಟಿಲು ಎಣಿಸುತ್ತ ಹತ್ತಿಬಂದವಳು ನಾನು.
ಬಂಡೆಯಿದೆ, ದೂರವಿರು,
ಅನ್ನುವ ದೀಪಗಳು ಅವೆಲ್ಲ.
ಇದು ಹಾಗಲ್ಲ.
ಆಚೆ ದಡದಿಂದ ತೆಪ್ಪ ಹುಟ್ಟುಹಾಕಿ ಬರುವವರಿಗೆ
'ಇಲ್ಲಿ, ಇಲ್ಲಿ, ಸ್ವಲ್ಪ ಎಡಕ್ಕೆ' ಅನ್ನುವುದಷ್ಟೇ
ಇದರ ಉದ್ಯೋಗವಾಗಿತ್ತು,
ಸೇತುವೆ ಆಗುವವರೆಗೆ.

ಒಂದು ಮಂಚ, ಹೊಗೆ ವಾಸನೆಯ ಕಂಬಳಿ,
ಗೊಬ್ಬರದ ಚೀಲದಲ್ಲಿ ಸುತ್ತಿಟ್ಟ ಏಳು ದಾಖಲೆ ಪುಸ್ತಕ.
ಅಚ್ಚವ್ವನ ಅಪ್ಪ ಬೆಳ್ಯಪ್ಪನ ಕೈಬರಹ,
ಬಲಕ್ಕೆ ವಾಲಿದ್ದು, ಗಾಳಿಗೆ ಸಿಕ್ಕ ಜೊಂಡಿನ ಹಾಗೆ.

'ತೆಪ್ಪ ನಾಲ್ಕು. ಆಳು ಹನ್ನೊಂದು. ಕೋಳಿ ಎರಡು.'
'ದಿಬ್ಬಣ. ಮೂರು ಗಂಟೆವರೆಗೆ ದೀಪ. ಮದುಮಗಳಿಗೆ ವಾಂತಿ.'
'ಮಂಜು. ದೀಪ ನನಗೇ ಕಾಣಲಿಲ್ಲ. ಡಬ್ಬ ಬಡಿದೆ.'
ಆಮೇಲೆ ಹತ್ತು ಹದಿನೈದು ಹಾಳೆಗೊಮ್ಮೆ
ಅದೇ ಸಾಲು:
'ದೊಡ್ಡವರು. ದೀಪ ಇಲ್ಲ. ಎಣ್ಣೆ ಉಳಿಯಿತು.'

ದೊಡ್ಡವರು ಎಂದರೆ ಇಂಜಿನಿಯರುಗಳೋ? ಕೇಳಿದೆ.
ಅಚ್ಚವ್ವ ಮೀನಿನ ಹುರುಪೆ ತೆಗೆಯುತ್ತಿದ್ದಳು.
'ಅವರು ಬಂದರೆ ಎರಡು ದೀಪ' ಅಂದಳು,
ತಲೆ ಎತ್ತಲಿಲ್ಲ.

ನಿದ್ದೆ ಬರಲಿಲ್ಲ.
ಮುಟ್ಟಬಾರದು ಎಂದು ಬರೆದದ್ದು
ಕತ್ತಲಲ್ಲಿ ಇನ್ನೂ ದಪ್ಪಗೆ ಕಾಣುತ್ತದೆ.
ಈಗ ಎಣ್ಣೆಯಿಲ್ಲ, ಬತ್ತಿಯಿಲ್ಲ,
ಬ್ಯಾಟರಿ, ಬಲ್ಬು, ಗೋಡೆಯಲ್ಲೊಂದು ಗುಂಡಿ.
ಒತ್ತಿದೆ.

ನೀರಿನ ಮೇಲೆ ಬಿಳಿ ಹಾಸು ಬಿತ್ತು,
ಆ ಹಾಸಿನ ನಡುವೆ
ಹಗಲು ಇರದಿದ್ದ ಒಂದು ನಡುಗಡ್ಡೆ.
ಅದರ ಹಿಂದೆ ಇನ್ನೊಂದು.
ನಡುಗಡ್ಡೆಯೊಂದು ಸೊಂಡಿಲೆತ್ತಿ
ಬೆಳಕನ್ನು ಮೂಸಿತು.
ಎಲ್ಲ ನಿಂತವು.
ನೀರಲ್ಲಿ ನಿಲ್ಲುವುದು ಹೇಗೆ?
ಕಾಲು ಆಡಿಸುತ್ತಲೇ, ಮುಂದೆ ಬಾರದೆ, ಹಿಂದೆ ಹೋಗದೆ.
ಎರಡರ ನಡುವೆ ಪುಟ್ಟದೊಂದು ತಲೆ
ಮುಳುಗುತ್ತ, ಏಳುತ್ತ.

ಅಚ್ಚವ್ವ ಕೂಗಲಿಲ್ಲ.
ಬರಿಗಾಲಲ್ಲಿ ಮೆಟ್ಟಿಲೇರಿ ಬಂದವಳು
ಗುಂಡಿ ಒತ್ತಿ, ಬೆರಳನ್ನು ಅಲ್ಲೇ ಇಟ್ಟುಕೊಂಡಳು,
ಅಳುವ ಮಗುವಿನ ಬಾಯಿಗೆ
ಅಂಗೈ ಇಟ್ಟ ಹಾಗೆ, ಬಹಳ ಹೊತ್ತು.

ಕತ್ತಲು. ಮತ್ತೆ ನೀರು ಸೀಳುವ ಸದ್ದು.
ಒಂದು ಉಸಿರು, ಕೊಳವೆಯಿಂದ ಬಂದಂತೆ. ಇನ್ನೊಂದು.
ನಮ್ಮ ಕೆಳಗೇ, ಗೋಪುರಕ್ಕೆ ಮೈ ಉಜ್ಜಿಕೊಂಡು,
ಮಂಚದ ಕಾಲು ನಡುಗುವಂತೆ
ಹತ್ತಿ ಹೋದವು ದಡಕ್ಕೆ.
'ಏಳು. ಮರಿ ಸೇರಿ ಎಂಟು' ಅಂದಳು ಅಚ್ಚವ್ವ.
'ಮೇಲಿನ ತೋಟದಲ್ಲಿ ಹಲಸು ಹಣ್ಣಾಗಿದೆ.
ಬೆಳಿಗ್ಗೆ ಅವರು ನನ್ನನ್ನೇ ಬಯ್ಯೋದು. ಬಯ್ಯಲಿ.'

ಬೆಳಿಗ್ಗೆ ಕೆಸರಲ್ಲಿ ತಟ್ಟೆಯಗಲದ ಗುಂಡಿಗಳು,
ಒಂದೊಂದರಲ್ಲೂ ಒಂದಿಷ್ಟು ಕೆರೆ.
ಏಳನೆಯ ಪುಸ್ತಕದ ಕೊನೆಗೆ ಹಾಳೆ ಉಳಿದಿತ್ತು.
'ಹಚ್ಚಿದವರೇ ಬರೀರಿ' ಎಂದು ಪೆನ್ನು ಕೊಟ್ಟಳು.

'ದೊಡ್ಡವರು ಎಂಟು' ಎಂದು ಬರೆದೆ.
'ದೀಪ' ಎಂದು ಬರೆದು ತಡೆದೆ.
ಒಂದು ನಿಮಿಷವೋ? ಎರಡೋ?
ಆ ಪುಟ್ಟ ತಲೆ ಎಷ್ಟು ಸಲ ಮುಳುಗಿತು
ಎಂಬುದಷ್ಟೇ ನನ್ನಲ್ಲಿದ್ದ ಗಡಿಯಾರ.
ನಾಲ್ಕು ಸಲ, ಎಂದು ಬರೆದೆ.

ಓದಿ ಏನೂ ಅನ್ನಲಿಲ್ಲ.
ಪುಸ್ತಕ ಚೀಲಕ್ಕೆ ಸುತ್ತಿದಳು, ದಾರ ಬಿಗಿದಳು.
ನಿಯಮ ಮುರಿದದ್ದಕ್ಕೆ ಐವತ್ತು ರೂಪಾಯಿ.
ಇದಕ್ಕೆ ರಶೀದಿ ಇಲ್ಲ.